ಹದಿಹರೆಯದವರು, ಯುವಜನರು ಮತ್ತು ಮಾದಕ ವಸ್ತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪೋಷಕರು, ಅಧ್ಯಾಪಕರು, ಹಾಸ್ಟೆಲ್ ಮೇಲ್ವಿಚಾರಕರು ಹಾಗೂ ತಮ್ಮದೇ ಬಳಕೆ ಕೈಮೀರುತ್ತಿದೆಯೇನೋ ಎಂಬ ಆತಂಕದಲ್ಲಿರುವ ಯುವಕ ಯುವತಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಒಬ್ಬ ಹುಡುಗ ಯಾವ ವಸ್ತುವನ್ನು ಬಳಸುತ್ತಿದ್ದಾನೆ ಎಂದು ತಿಳಿದರೆ ಸಾಲದು. ಅದನ್ನು ಯಾವ ವಯಸ್ಸಿನಲ್ಲಿ ಆರಂಭಿಸಿದ, ಯಾರ ಜೊತೆ ಬಳಸುತ್ತಾನೆ, ವಾರಕ್ಕೆ ಎಷ್ಟು ಸಲ, ಯಾವ ಸಂಕಟವನ್ನು ಮರೆಯಲು ಎಂಬುದನ್ನು ತಿಳಿದಾಗ ಮಾತ್ರ ಅವನಿಗೆ ಎಂಥ ನೆರವು ಬೇಕೆಂಬುದು ಗೊತ್ತಾಗುತ್ತದೆ. ಕೆಳಗಿನ ಉತ್ತರಗಳೆಲ್ಲ ಈ ನಿಲುವಿನಿಂದ ಹೊರಟಿವೆ.

ನಮ್ಮ ದೇಶದ ಹದಿಹರೆಯದವರು ನಿಜವಾಗಿ ಬಳಸುತ್ತಿರುವುದು ಯಾವ ವಸ್ತುಗಳನ್ನು?

ಸುದ್ದಿ ವಾಹಿನಿಗಳನ್ನು ನೋಡುತ್ತಾ ಕುಳಿತರೆ ಕೊಕೇನ್ ಮತ್ತು ರಾಸಾಯನಿಕಗಳಿಂದ ತಯಾರಿಸುವ ಎಂಡಿಎಂಎಗಳೇ ಮನೆ ಮನೆಗೂ ನುಗ್ಗಿವೆ ಎನಿಸುತ್ತದೆ. ಸಮೀಕ್ಷೆಯ ಲೆಕ್ಕ ಬೇರೆಯದನ್ನು ಹೇಳುತ್ತದೆ. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವ್ಯಸನ ಚಿಕಿತ್ಸಾ ಕೇಂದ್ರವು ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಶೇ 14.6ರಷ್ಟು ಮಂದಿ ಮದ್ಯವನ್ನೂ, ಶೇ 2.8ರಷ್ಟು ಮಂದಿ ಭಂಗಿ, ಗಾಂಜಾ, ಚರಸ್‌ಗಳನ್ನೂ, ಶೇ 2.1ರಷ್ಟು ಮಂದಿ ಅಫೀಮು, ಹೆರಾಯಿನ್ ಅಥವಾ ಅದೇ ವರ್ಗದ ನೋವಿನ ಮಾತ್ರೆಗಳನ್ನೂ ಬಳಸುತ್ತಾರೆ. ಕೊಕೇನ್ ಬಳಸುವವರ ಪ್ರಮಾಣ ಶೇ 0.1ರ ಆಸುಪಾಸಿನಲ್ಲಿದೆ.

10ರಿಂದ 17 ವರ್ಷದವರನ್ನು ಮಾತ್ರ ತೆಗೆದುಕೊಂಡರೆ ಚಿತ್ರ ಇನ್ನಷ್ಟು ಬದಲಾಗುತ್ತದೆ. ಈ ವಯೋಮಾನದಲ್ಲಿ ಮದ್ಯ ಶೇ 1.3, ಗಾಂಜಾ ಗುಂಪಿನ ವಸ್ತುಗಳು ಶೇ 0.9, ಅಫೀಮು ವರ್ಗ ಶೇ 1.8 ಎಂದಿದ್ದರೆ, ಮೂಸುವ ವಸ್ತುಗಳ ಬಳಕೆ ಶೇ 1.17ರಷ್ಟಿದೆ. ಮೂಸುವ ವಸ್ತುಗಳೆಂದರೆ ವೈಟ್ನರ್, ಥಿನ್ನರ್, ಪಂಕ್ಚರ್ ಹಾಕಲು ಬಳಸುವ ಸಲ್ಯೂಷನ್, ಪೆಟ್ರೋಲ್ ಮುಂತಾದವು. ವಯಸ್ಕರಲ್ಲಿ ಇದೇ ಬಳಕೆ ಶೇ 0.58 ಮಾತ್ರ. ದೊಡ್ಡವರಿಗಿಂತ ಮಕ್ಕಳೇ ಹೆಚ್ಚಿನ ಪ್ರಮಾಣದಲ್ಲಿ ಬಳಸುವ ಏಕೈಕ ಗುಂಪು ಇದು. ಮಕ್ಕಳು ತಮ್ಮ ಕೈಗೆ ಎಟಕುವುದನ್ನು, ಜೇಬಿನ ಚಿಲ್ಲರೆಗೆ ಸಿಗುವುದನ್ನು ಬಳಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಡ. ಈ ಸಮೀಕ್ಷೆಯಲ್ಲಿ ತಂಬಾಕು ಸೇರಿರಲಿಲ್ಲ. ಸೇರಿದ್ದರೆ ಪಟ್ಟಿಯ ಮೇಲ್ತುದಿಯಲ್ಲಿ ಅದೂ ಇರುತ್ತಿತ್ತು.

ಎಷ್ಟನೇ ವಯಸ್ಸಿಗೆ ಆರಂಭವಾಗುತ್ತದೆ?

ಬಹುತೇಕ ಪೋಷಕರು ಊಹಿಸುವುದಕ್ಕಿಂತ ಬೇಗ. ಕಾಲೇಜಿಗೆ ಸೇರಿದ ಮೇಲೆ, ಬೆಂಗಳೂರಿನ ಪಿ.ಜಿ.ಗೆ ಹೋದ ಮೇಲೆ ಹುಡುಗರು ಹಾಳಾಗುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ 13ರಿಂದ 15 ವರ್ಷದ ಶಾಲಾ ಮಕ್ಕಳ ನಡುವೆ 2019ರಲ್ಲಿ ನಡೆದ ಯುವಜನರ ತಂಬಾಕು ಸಮೀಕ್ಷೆಯಲ್ಲಿ ದೇಶದ ಶೇ 8.5ರಷ್ಟು ವಿದ್ಯಾರ್ಥಿಗಳು ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದುದು ಕಂಡುಬಂತು. ಬೀಡಿ ಸೇದುವ ಮಕ್ಕಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಮಂದಿ ಹತ್ತು ವರ್ಷ ತುಂಬುವ ಮೊದಲೇ ಆರಂಭಿಸಿದ್ದರು. ಬೆಂಗಳೂರೂ ಸೇರಿದಂತೆ ಹತ್ತು ನಗರಗಳ ಶಾಲಾ ವಿದ್ಯಾರ್ಥಿಗಳನ್ನು ಕುರಿತು ಏಮ್ಸ್ ತಜ್ಞರ ನೇತೃತ್ವದಲ್ಲಿ ಈಚೆಗೆ ನಡೆದ ಅಧ್ಯಯನದಲ್ಲಿ ಮೊದಲ ಬಳಕೆಯ ಸರಾಸರಿ ವಯಸ್ಸು ಸುಮಾರು 13 ವರ್ಷ. ಎಂದರೆ ಏಳು, ಎಂಟನೇ ತರಗತಿ.

ಈ ವಯಸ್ಸಿಗೆ ನಾವು ಕೊಡಬೇಕಾದ ಮಹತ್ವವನ್ನು ಕೊಡುತ್ತಿಲ್ಲ. ಪಿಯುಸಿ ಓದುವವರನ್ನು ಸಭಾಂಗಣದಲ್ಲಿ ಕೂಡಿಸಿ, ಜೂನ್ 26ರಂದು ಮಾದಕ ವಸ್ತು ವಿರೋಧಿ ದಿನದ ಪ್ರಮಾಣವಚನ ಬೋಧಿಸುವಷ್ಟರಲ್ಲಿ ಅವರಲ್ಲಿ ಕೆಲವರ ಬಳಕೆಗೆ ಮೂರು ನಾಲ್ಕು ವರ್ಷ ಆಗಿರುತ್ತದೆ.

ಸಿಗರೇಟು ಸೇದುವ ಹುಡುಗ ಮುಂದೆ ಗಾಂಜಾ ಸೇದಿಯೇ ಸೇದುತ್ತಾನೆಯೇ?

ಇಲ್ಲ. ತಂಬಾಕು ಮತ್ತು ಮದ್ಯದಿಂದ ಆರಂಭಿಸಿದವರಲ್ಲಿ ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ಆದರೆ ಗಾಂಜಾ ಅಥವಾ ಮಾತ್ರೆಗಳವರೆಗೆ ಹೋದವರನ್ನು ಕೇಳಿದರೆ ಬಹುಪಾಲು ಮಂದಿ ತಂಬಾಕು, ಮದ್ಯದಿಂದಲೇ ಬಂದಿರುತ್ತಾರೆ. ಸಿಗರೇಟು ಹಂಚಿಕೊಳ್ಳುವ ಗುಂಪಿನಲ್ಲೇ ಮುಂದಿನ ವಸ್ತುವೂ ಕೈಗೆ ಬರುತ್ತದೆ, ಹೊಗೆ ಎಳೆಯುವ ರೂಢಿ ಆಗಲೇ ಇರುತ್ತದೆ, ಮನೆಯಲ್ಲಿ ಮುಚ್ಚಿಡುವುದೂ ಅಭ್ಯಾಸವಾಗಿರುತ್ತದೆ. ಆದ್ದರಿಂದ ಏಳನೇ ತರಗತಿಯ ಹುಡುಗನ ಜೇಬಿನಲ್ಲಿ ಸಿಕ್ಕ ಗುಟ್ಕಾ ಪೊಟ್ಟಣವನ್ನು ಲಘುವಾಗಿ ಕಾಣಬಾರದು. ಹಾಗೆಂದು ಅವನನ್ನು ಅಪರಾಧಿಯಂತೆ ನಡೆಸಿಕೊಳ್ಳಬೇಕಾಗಿಯೂ ಇಲ್ಲ.

ಒಂದೆರಡು ಸಲ ಬಳಸಿದರೆ ವ್ಯಸನ ಎನ್ನಬಹುದೇ?

ಎನ್ನಲಾಗದು, ಎನ್ನಲೂಬಾರದು. ವೈದ್ಯರು ಬಳಕೆಯನ್ನು ಹಲವು ಹಂತಗಳಲ್ಲಿ ನೋಡುತ್ತಾರೆ. ಕುತೂಹಲಕ್ಕೆ ಒಮ್ಮೆ ರುಚಿ ನೋಡುವುದು, ಗೆಳೆಯರ ಜೊತೆ ಆಗೊಮ್ಮೆ ಈಗೊಮ್ಮೆ ಬಳಸುವುದು, ಓದು, ಆರೋಗ್ಯ, ಸಂಬಂಧಗಳಿಗೆ ಪೆಟ್ಟು ಬಿದ್ದರೂ ಬಳಸುವುದು, ಕೊನೆಗೆ ಬಿಡಲಾಗದ ಅವಲಂಬನೆ. ಅವಲಂಬನೆಯ ಗುರುತುಗಳು ಸಾಕಷ್ಟು ಸ್ಪಷ್ಟವಾಗಿವೆ: ತಡೆಯಲಾಗದ ತುಡಿತ, ಅದೇ ಅಮಲಿಗೆ ದಿನೇದಿನೇ ಹೆಚ್ಚು ಪ್ರಮಾಣ ಬೇಕಾಗುವುದು, ಬಿಟ್ಟರೆ ಮೈ ಮನಸ್ಸುಗಳೆರಡೂ ಕೆಡುವುದು, ಎಷ್ಟು ಬಳಸಬೇಕು, ಯಾವಾಗ ನಿಲ್ಲಿಸಬೇಕು ಎಂಬ ಹತೋಟಿ ತಪ್ಪುವುದು, ಮೊದಲು ಇಷ್ಟವಾಗಿದ್ದ ಆಟ, ಸಿನಿಮಾ, ಗೆಳೆಯರು ಬೇಡವಾಗುವುದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಸುವುದು.

ಎಲ್ಲರೂ ಕೊನೆಯ ಹಂತ ಮುಟ್ಟುವುದಿಲ್ಲ. ಮುಟ್ಟುವವರಲ್ಲಿ ಪದೇ ಪದೇ ಕಾಣುವ ಸಂಗತಿ ಒಂದಿದೆ. ಗುಂಪಿನಲ್ಲಿ ಮೋಜಿಗೆಂದು ಆರಂಭವಾದ ಬಳಕೆ ಒಂದು ಹಂತದಲ್ಲಿ ಒಂಟಿ ಬಳಕೆಯಾಗುತ್ತದೆ. ನಿದ್ದೆ ಬರಲೆಂದು, ತರಗತಿಯಲ್ಲಿ ಕುಳಿತುಕೊಳ್ಳಲಾಗಲೆಂದು, ಮನೆಯ ಜಗಳ ಕಿವಿಗೆ ಬೀಳದಿರಲೆಂದು ಬಳಸುವ ದಿನ ಬಂದಾಗ ಅದು ಮೋಜಾಗಿ ಉಳಿದಿರುವುದಿಲ್ಲ. ಒಬ್ಬನೇ ಬಳಸುತ್ತಿರುವುದು ಮತ್ತು ಬೆಳಿಗ್ಗೆ ಎದ್ದ ಕೂಡಲೇ ಬಳಸುತ್ತಿರುವುದು, ಇವೆರಡರಲ್ಲಿ ಒಂದಿದ್ದರೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಹದಿಹರೆಯದಲ್ಲಿ ಅಪಾಯ ಏಕೆ ಹೆಚ್ಚು?

ಮಿದುಳಿನ ಮುಂಭಾಗ, ಎಂದರೆ ದುಡುಕನ್ನು ತಡೆದು ಮುಂದಾಲೋಚನೆ ಮಾಡುವ ಭಾಗ, ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಸುಖವನ್ನು ಗುರುತಿಸಿ ಮತ್ತೆ ಮತ್ತೆ ಬಯಸುವ ಭಾಗ ಅದಕ್ಕಿಂತ ಎಷ್ಟೋ ಮೊದಲೇ ಚುರುಕಾಗಿರುತ್ತದೆ. ಈ ಅಂತರದ ವರ್ಷಗಳಲ್ಲಿ ಸಿಗುವ ಅಮಲನ್ನು ಮಿದುಳು ಬೇಗ ಕಲಿಯುತ್ತದೆ, ನಿಧಾನವಾಗಿ ಮರೆಯುತ್ತದೆ. ಗಾಂಜಾ ಬಳಸಿದವರಲ್ಲಿ ಒಟ್ಟಾರೆ ಸುಮಾರು ಒಂಬತ್ತರಲ್ಲಿ ಒಬ್ಬರು ಅವಲಂಬಿತರಾಗುತ್ತಾರೆ ಎಂದು ಅಂದಾಜಿದ್ದರೆ, ಹದಿಹರೆಯದಲ್ಲೇ ಆರಂಭಿಸಿದವರಲ್ಲಿ ಅದು ಆರರಲ್ಲಿ ಒಬ್ಬರಿಗೆ ಏರುತ್ತದೆ. ಮೊದಲ ಬಳಕೆಯನ್ನು ಎರಡು ಮೂರು ವರ್ಷ ಮುಂದೂಡಲು ಸಾಧ್ಯವಾದರೂ ಅದು ದೊಡ್ಡ ಗೆಲುವು.

ಗಾಂಜಾ ಗಿಡದಿಂದ ಬರುವುದಲ್ಲವೇ? ಕೆಲವು ದೇಶಗಳಲ್ಲಿ ಕಾನೂನೇ ಒಪ್ಪಿದೆಯಲ್ಲ?

ಇದು ವಿದ್ಯಾರ್ಥಿಗಳೇ ಹೆಚ್ಚಾಗಿ ಕೇಳುವ ಪ್ರಶ್ನೆ. ಪ್ರಾಮಾಣಿಕವಾದ ಉತ್ತರ ಕೊಡದೆ ಹೆದರಿಸಿದರೆ ಅವರು ನಮ್ಮ ಬೇರೆ ಮಾತುಗಳನ್ನೂ ನಂಬುವುದಿಲ್ಲ. ಹೌದು, ಭಂಗಿ ಸೊಪ್ಪು ನಮ್ಮ ನೆಲಕ್ಕೆ ಹೊಸದಲ್ಲ. ಉತ್ತರ ಕರ್ನಾಟಕದ ಕೆಲವು ಅವಧೂತ ಪರಂಪರೆಗಳಲ್ಲಿ ಅದರ ಬಳಕೆ ಇದೆ, ಉತ್ತರ ಭಾರತದಲ್ಲಿ ಹೋಳಿ, ಶಿವರಾತ್ರಿಗಳಂದು ಭಂಗಿ ಕುಡಿಯುವವರಿದ್ದಾರೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಕೂಡ ಹೂವಿನ ತುದಿಗಳಿಲ್ಲದ ಬರಿಯ ಎಲೆ ಮತ್ತು ಬೀಜಗಳನ್ನು ಗಾಂಜಾ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಕೆನಡಾದಂತಹ ದೇಶಗಳು ವಯಸ್ಕರ ಬಳಕೆಯನ್ನು ಕಾನೂನುಬದ್ಧಗೊಳಿಸಿರುವುದೂ ನಿಜ. ಆದರೆ ಅಲ್ಲಿ ಕೂಡ ಅಪ್ರಾಪ್ತರಿಗೆ ಮಾರುವುದು ಅಪರಾಧವೇ.

ಈಗ ಕಾಲೇಜುಗಳ ಸುತ್ತ ಸಿಗುವುದು ಬೇರೆಯ ಸರಕು. ಅಮಲು ಕೊಡುವ ಟಿಎಚ್‌ಸಿ ಎಂಬ ರಾಸಾಯನಿಕ ಹೆಚ್ಚಿರುವಂತೆ ಒಳಾಂಗಣದಲ್ಲಿ ಬೆಳೆದ, ಹೈಡ್ರೋ ಎಂದು ಕರೆಯುವ ಗಾಂಜಾ ಥಾಯ್ಲೆಂಡ್‌ನಿಂದ ಬರುವ ಪ್ರಯಾಣಿಕರ ಚೀಲಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮತ್ತೆ ಮತ್ತೆ ಸಿಕ್ಕಿಬೀಳುತ್ತಿದೆ. ಟಿಎಚ್‌ಸಿ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಪ್ರತಿದಿನ ಸೇದುವ ಹದಿಹರೆಯದವರಲ್ಲಿ ನೆನಪಿನ ಶಕ್ತಿ ಮತ್ತು ಗಮನ ಕುಗ್ಗುತ್ತವೆ. ಕೆಲವರಲ್ಲಿ, ಅದರಲ್ಲೂ ಕುಟುಂಬದಲ್ಲಿ ಗಂಭೀರ ಮಾನಸಿಕ ಕಾಯಿಲೆಯ ಇತಿಹಾಸವಿರುವವರಲ್ಲಿ, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ, ಎಲ್ಲರೂ ತನ್ನ ಬಗ್ಗೆಯೇ ಮಾತನಾಡುತ್ತಿದ್ದಾರೆ ಎಂಬ ಭ್ರಮೆ ಹುಟ್ಟುತ್ತದೆ, ಇಲ್ಲದ ದನಿಗಳು ಕೇಳಿಸುತ್ತವೆ. ವೈದ್ಯರು ಸೈಕೋಸಿಸ್ ಎನ್ನುವ ಈ ಸ್ಥಿತಿ ಕೆಲವರಲ್ಲಿ ಗಾಂಜಾ ಬಿಟ್ಟ ಮೇಲೂ ಉಳಿದುಬಿಡುತ್ತದೆ. ಯಾರಲ್ಲಿ ಉಳಿಯುತ್ತದೆ ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ. ಗಾಂಜಾ ಬಿಟ್ಟರೆ ಏನೂ ಆಗುವುದಿಲ್ಲ ಎಂಬ ಮಾತೂ ತಪ್ಪು. ನಿತ್ಯ ಬಳಸುವವರು ನಿಲ್ಲಿಸಿದಾಗ ಒಂದೆರಡು ವಾರ ನಿದ್ರಾಹೀನತೆ, ಸಿಡಿಮಿಡಿ, ಹಸಿವಿಲ್ಲದಿರುವುದು ಸಾಮಾನ್ಯ.

ವೈಟ್ನರ್, ಸಲ್ಯೂಷನ್ ಮೂಸುವುದು ಬೀದಿ ಮಕ್ಕಳ ಸಮಸ್ಯೆ ಮಾತ್ರವೇ?

ರೈಲು ನಿಲ್ದಾಣ, ಬಸ್ ನಿಲ್ದಾಣ, ಗುಜರಿ ಅಂಗಡಿಗಳ ಸುತ್ತ ಬದುಕುವ ಮಕ್ಕಳಲ್ಲಿ ಇದು ಹೆಚ್ಚು ಎಂಬುದು ನಿಜ. ಹಸಿವು, ಚಳಿ, ಭಯಗಳನ್ನು ಮರೆಸುವ ಅತಿ ಅಗ್ಗದ ಉಪಾಯ ಅವರಿಗೆ ಇದೇ. ಆದರೆ ಸ್ಟೇಷನರಿ ಅಂಗಡಿಯಿಂದ ಕೊಂಡು ತಂದು ಕರ್ಚೀಫಿಗೆ ಹಾಕಿ ಮೂಸುವ ಶಾಲಾ ಮಕ್ಕಳೂ ಇದ್ದಾರೆ. ಅಂಗಡಿಯವನಿಗೆ ಅನುಮಾನ ಬರುವುದಿಲ್ಲ, ಮನೆಯಲ್ಲಿ ಬ್ಯಾಗು ತಡಕಿದರೂ ಪ್ರಾಜೆಕ್ಟ್ ಕೆಲಸದ ಸಾಮಾನು ಎಂದುಕೊಳ್ಳುತ್ತಾರೆ.

ಮಿಕ್ಕ ವಸ್ತುಗಳ ಬಗ್ಗೆ ಆಡುವ ಭಯದ ಅರ್ಧದಷ್ಟನ್ನೂ ನಾವು ಈ ಬಾಟಲಿಗಳ ಬಗ್ಗೆ ಆಡುವುದಿಲ್ಲ. ಟೊಲ್ವೀನ್‌ನಂತಹ ದ್ರಾವಕಗಳ ಆವಿ ಶ್ವಾಸಕೋಶದಿಂದ ನೇರವಾಗಿ ರಕ್ತಕ್ಕೆ, ಅಲ್ಲಿಂದ ಕ್ಷಣಗಳಲ್ಲಿ ಮಿದುಳಿಗೆ ಹೋಗುತ್ತದೆ. ಅದು ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲದು. ಮೂಸಿದ ಬೆನ್ನಿಗೆ ಹೆದರಿ ಓಡಿದ ಮಗು ಅಲ್ಲೇ ಕುಸಿದು ಸಾಯಬಹುದು, ಅದೂ ಮೊದಲ ಬಳಕೆಯಲ್ಲೇ. ಆದ್ದರಿಂದ ಮೂಸುತ್ತಿರುವ ಮಗುವನ್ನು ಕಂಡಾಗ ಕೂಗಾಡಿ ಅಟ್ಟಿಸಿಕೊಂಡು ಹೋಗಬಾರದು. ಮೆಲ್ಲನೆ ಮಾತನಾಡಿಸಿ, ಗಾಳಿಯಾಡುವ ಕಡೆ ಕೂರಿಸಬೇಕು. ದೀರ್ಘಕಾಲದ ಬಳಕೆಯಿಂದ ನರಗಳು, ಮೂತ್ರಪಿಂಡ ಮತ್ತು ಯಕೃತ್ತಿಗೆ ಹಾನಿಯಾಗುತ್ತದೆ, ಕಲಿಕೆ ಹಿಂದೆ ಬೀಳುತ್ತದೆ. ತುಟಿ ಮೂಗುಗಳ ಸುತ್ತ ಹುಣ್ಣು ಅಥವಾ ಕೆಂಪು ಕಲೆ, ಬಟ್ಟೆಗೆ ಪೇಂಟಿನ ವಾಸನೆ, ತೂರಾಡುವ ನಡಿಗೆ ಇವು ಗಮನಿಸಬೇಕಾದ ಗುರುತುಗಳು. ಬೀದಿಯಲ್ಲಿರುವ ಮಗುವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು.

ಔಷಧಿ ಅಂಗಡಿಯ ಮಾತ್ರೆಗಳೂ ಮಾದಕ ವಸ್ತುಗಳೇ?

ಕೆಲವು ಹೌದು. ಯುವಜನರ ಬಳಕೆಯಲ್ಲಿ ಈಗ ಹೆಚ್ಚು ಆತಂಕ ಹುಟ್ಟಿಸುತ್ತಿರುವುದು ಇದೇ ಎಂದು ನನಗೆ ಅನ್ನಿಸುತ್ತದೆ. ಕೊಡೀನ್ ಇರುವ ಕೆಮ್ಮಿನ ಸಿರಪ್, ಆಲ್ಪ್ರಜೋಲಾಂ, ನೈಟ್ರಜೆಪಾಂನಂತಹ ನಿದ್ದೆಯ ಮಾತ್ರೆಗಳು, ಟ್ರಮಡಾಲ್ ಮತ್ತು ಟಪೆಂಟಡಾಲ್ ಎಂಬ ನೋವಿನ ಮಾತ್ರೆಗಳು ಈ ಗುಂಪಿಗೆ ಸೇರುತ್ತವೆ. ಟ್ರಮಡಾಲನ್ನು 2018ರಲ್ಲಿ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ತಂದು ಬಿಗಿಗೊಳಿಸಿದ ಮೇಲೆ ಟಪೆಂಟಡಾಲ್ ಕಡೆಗೆ ವಾಲಿದವರಿದ್ದಾರೆ. ಕರ್ನಾಟಕದ ವ್ಯಸನ ಚಿಕಿತ್ಸಾ ವಿಭಾಗಗಳಿಗೆ ಟಪೆಂಟಡಾಲ್ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಸೂಜಿಯಿಂದ ಚುಚ್ಚಿಕೊಳ್ಳುವ ಇಪ್ಪತ್ತರ ಆಸುಪಾಸಿನ ಯುವಕರು ಬರುತ್ತಿದ್ದಾರೆ.

ಮಾತ್ರೆ ಇರುವುದು ನುಂಗಲು. ಅದನ್ನು ಗಟ್ಟಿಯಾಗಿಸಲು ಸೇರಿಸಿದ ಪುಡಿಗಳು ರಕ್ತನಾಳದೊಳಗೆ ಕರಗುವುದಿಲ್ಲ. ನಾಳಗಳನ್ನು ಮುಚ್ಚುತ್ತವೆ, ಕೈಕಾಲುಗಳಲ್ಲಿ ಕೀವು ತುಂಬಿದ ಹುಣ್ಣುಗಳನ್ನು ಮಾಡುತ್ತವೆ, ಕೆಲವೊಮ್ಮೆ ಬೆರಳುಗಳನ್ನೇ ತೆಗೆಯಬೇಕಾದ ಸ್ಥಿತಿ ತರುತ್ತವೆ. ಒಂದೇ ಸೂಜಿಯನ್ನು ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ ಹರಡುತ್ತವೆ. ಈ ಮಾತ್ರೆಗಳ ಜೊತೆ ಮದ್ಯ ಸೇರಿದರೆ ಉಸಿರಾಟವೇ ನಿಲ್ಲಬಹುದು. ಬಳಸುವವನ ಲೆಕ್ಕದಲ್ಲಿ ಇದು ಕಂಪನಿಯ ಮಾತ್ರೆ, ಡಾಕ್ಟರು ಬರೆಯುವಂಥದ್ದು, ಆದ್ದರಿಂದ ಸುರಕ್ಷಿತ. ಅಪಾಯದ ಮೂಲ ಈ ನಂಬಿಕೆಯಲ್ಲೇ ಇದೆ. ಇವುಗಳಲ್ಲಿ ಯಾವುದನ್ನೂ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಹಣದಾಸೆಗೆ ಹದಿನೇಳರ ಹುಡುಗನಿಗೆ ಪಟ್ಟಿಗಟ್ಟಲೆ ಮಾತ್ರೆ ಕೊಡುವ ಅಂಗಡಿಯವನು ಗಾಂಜಾ ಮಾರುವವನಿಗಿಂತ ಯಾವ ರೀತಿಯಲ್ಲೂ ಕಡಿಮೆ ತಪ್ಪಿತಸ್ಥನಲ್ಲ. ಮನೆಯಲ್ಲಿ ಅಜ್ಜ ಅಜ್ಜಿಯರ ನಿದ್ದೆಯ ಮಾತ್ರೆ, ನೋವಿನ ಮಾತ್ರೆಗಳಿದ್ದರೆ ಎಣಿಸಿ ಬೀರುವಿನಲ್ಲಿಡಿ.

ಎಂಡಿಎಂಎ, ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ ನಮ್ಮ ಊರುಗಳಿಗೂ ಬಂದಿವೆಯೇ?

ಬೆಂಗಳೂರು, ಮಂಗಳೂರು, ಮಣಿಪಾಲದಂತಹ ವಿದ್ಯಾರ್ಥಿಗಳು ತುಂಬಿರುವ ಊರುಗಳಿಗೆ ಬಂದಿವೆ. 2025ರ ಮಾರ್ಚ್‌ನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿನಲ್ಲಿ ಒಂದೇ ಪ್ರಕರಣದಲ್ಲಿ 37 ಕಿಲೋಗೂ ಹೆಚ್ಚು ಎಂಡಿಎಂಎ ವಶಪಡಿಸಿಕೊಂಡರು. ಒಟ್ಟು ಬಳಕೆದಾರರಲ್ಲಿ ಇವುಗಳ ಪಾಲು ಚಿಕ್ಕದಾದರೂ ಬಳಸುವವರು ಚಿಕ್ಕ ವಯಸ್ಸಿನವರು, ಕೈಯಲ್ಲಿ ಹಣ ಓಡಾಡುವವರು. ಕೊಂಡ ಪುಡಿಯಲ್ಲಿ ಏನು ಬೆರೆತಿದೆ ಎಂದು ಕೊಂಡವನಿಗೂ ಮಾರಿದವನಿಗೂ ತಿಳಿದಿರುವುದಿಲ್ಲ. ಎಂಡಿಎಂಎ ಮೈಯ ಉಷ್ಣತೆಯನ್ನು ಮತ್ತು ರಕ್ತದೊತ್ತಡವನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ಬಳಸಿದ ನಂತರದ ದಿನಗಳಲ್ಲಿ ಕವಿಯುವ ಖಿನ್ನತೆ ಮತ್ತೊಂದು ಅಪಾಯ.

ಹುಡುಗಿಯರಲ್ಲೂ ಬಳಕೆ ಇದೆಯೇ?

ಹುಡುಗರಿಗಿಂತ ಕಡಿಮೆ, ಆದರೆ ಇದೆ. ಸಮೀಕ್ಷೆಗಳಲ್ಲಿ ಹೇಳಿಕೊಳ್ಳುವವರು ಕಡಿಮೆ, ಆಸ್ಪತ್ರೆಗೆ ಬರುವವರು ಇನ್ನೂ ಕಡಿಮೆ. ಮಗಳ ವಿಷಯ ಹೊರಗೆ ಗೊತ್ತಾದರೆ ಮದುವೆ ಆಗುವುದಿಲ್ಲ ಎಂಬ ಭಯದಲ್ಲಿ ಮನೆಯವರು ಚಿಕಿತ್ಸೆಯನ್ನೇ ತಪ್ಪಿಸುತ್ತಾರೆ. ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ಆಸ್ಪತ್ರೆಯ ಹೊಣೆ ಎಂಬುದನ್ನು ಇಂಥ ಕುಟುಂಬಗಳು ತಿಳಿದಿರಬೇಕು.

ಒಳ್ಳೆಯ ಮನೆತನದ, ಚೆನ್ನಾಗಿ ಓದುವ ಮಕ್ಕಳು ಇದಕ್ಕೆ ಹೇಗೆ ಬೀಳುತ್ತಾರೆ?

ಮನೆತನ ನೋಡಿ ಬರುವ ತೊಂದರೆ ಇದಲ್ಲ. ಗೆಳೆಯರ ಒತ್ತಾಯ ಮತ್ತು ಕುತೂಹಲ ಬಾಗಿಲು ತೆರೆಯುತ್ತವೆ, ಅಷ್ಟೆ. ಒಳಗೆ ಉಳಿಸಿಕೊಳ್ಳುವುದು ಬೇರೆ ಸಂಗತಿಗಳು: ಗುರುತಿಸದೆ ಬಿಟ್ಟ ಖಿನ್ನತೆ ಅಥವಾ ಆತಂಕ, ಚಿಕ್ಕಂದಿನಿಂದ ಇದ್ದ ಗಮನದ ಕೊರತೆ ಮತ್ತು ಅತಿ ಚಟುವಟಿಕೆ, ಬಾಲ್ಯದಲ್ಲಿ ಅನುಭವಿಸಿದ ಹೊಡೆತ ಅಥವಾ ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಹಿರಿಯರ ಕುಡಿತ, ನೀಟ್ ಮತ್ತು ಸಿಇಟಿಗಳಲ್ಲಿ ಬಾರದ ರ‍್ಯಾಂಕು, ದೂರದ ಊರಿನ ಒಂಟಿತನ. ಗಮನದ ಕೊರತೆಯನ್ನು ಸೋಮಾರಿತನವೆಂದು ಬೈಸಿಕೊಂಡೇ ಬೆಳೆದ ಹುಡುಗ, ಗಾಂಜಾ ಸೇದಿದಾಗ ಮೊದಲ ಬಾರಿಗೆ ತಲೆ ಶಾಂತವಾಯಿತು ಎಂದು ಹೇಳುವುದನ್ನು ಆಪ್ತ ಸಮಾಲೋಚಕರು ಕೇಳುತ್ತಿರುತ್ತಾರೆ. ಅವನಿಗೆ ಬೇಕಿದ್ದುದು ಹತ್ತು ವರ್ಷ ಮೊದಲೇ ಸಿಗಬೇಕಿದ್ದ ಚಿಕಿತ್ಸೆ. ಮೂಲದ ನೋವಿಗೆ ಮದ್ದು ಕೊಡದೆ ವಸ್ತುವನ್ನು ಮಾತ್ರ ಬಿಡಿಸಿದರೆ ಅವನು ಅದಕ್ಕೆ ಮರಳುವ ಸಾಧ್ಯತೆಯೇ ಹೆಚ್ಚು.

ನನ್ನ ಮಗ ಬಳಸುತ್ತಿದ್ದಾನೆಯೇ ಎಂದು ತಿಳಿಯುವುದು ಹೇಗೆ? ಮೂತ್ರ ಪರೀಕ್ಷೆಯ ಕಿಟ್ ತರಬಹುದೇ?

ಒಂದೇ ಗುರುತಿನಿಂದ ತೀರ್ಮಾನಕ್ಕೆ ಬರಬೇಡಿ. ಹದಿಹರೆಯದ ಮುನಿಸು, ಕೋಣೆಯ ಬಾಗಿಲು ಹಾಕಿಕೊಳ್ಳುವುದು ಎಲ್ಲ ಮಕ್ಕಳಲ್ಲೂ ಇದೆ. ಹಲವು ಬದಲಾವಣೆಗಳು ಕೆಲವೇ ತಿಂಗಳುಗಳಲ್ಲಿ ಒಟ್ಟಿಗೆ ಬಂದರೆ ಎಚ್ಚರವಾಗಬೇಕು: ಹಾಜರಿ ಮತ್ತು ಅಂಕಗಳು ಏಕಾಏಕಿ ಕುಸಿಯುವುದು, ಹಳೆಯ ಗೆಳೆಯರೆಲ್ಲ ಬಿಟ್ಟುಹೋಗುವುದು, ರಾತ್ರಿ ಹಗಲಿನ ನಿದ್ದೆ ತಿರುಗುಮುರುಗಾಗುವುದು, ಮನೆಯಲ್ಲಿ ಹಣ ಅಥವಾ ಒಡವೆ ಕಾಣೆಯಾಗುವುದು, ಕೆಂಪಾದ ಕಣ್ಣು, ಸೆಖೆಯಲ್ಲೂ ತುಂಬು ತೋಳಿನ ಅಂಗಿ.

ಕಿಟ್‌ಗಳ ಬಗ್ಗೆ ಹೇಳುವುದಾದರೆ, ಗಾಂಜಾ ನಿತ್ಯ ಬಳಸುವವರ ಮೂತ್ರದಲ್ಲಿ ಬಿಟ್ಟು ವಾರಗಳಾದ ಮೇಲೂ ಕಾಣಬಹುದು, ಎಂಡಿಎಂಎ ಎರಡು ಮೂರು ದಿನಗಳಲ್ಲಿ ಮರೆಯಾಗುತ್ತದೆ, ವೈಟ್ನರ್‌ನಂತಹವು ಸಾಮಾನ್ಯ ಕಿಟ್‌ಗಳಲ್ಲಿ ಕಾಣುವುದೇ ಇಲ್ಲ. ಕೆಲವು ಸಾಧಾರಣ ಔಷಧಗಳಿಂದ ತಪ್ಪು ಫಲಿತಾಂಶವೂ ಬರುತ್ತದೆ. ಅದಕ್ಕಿಂತ ಮಿಗಿಲಾಗಿ, ಮಗನನ್ನು ಹಿಡಿದುಹಾಕಲು ಕದ್ದು ಮಾಡಿಸಿದ ಪರೀಕ್ಷೆಯಿಂದ ಉತ್ತರ ಸಿಕ್ಕರೂ ಅವನ ವಿಶ್ವಾಸ ಹೋಗಿರುತ್ತದೆ. ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಚಿಕಿತ್ಸೆ ಕೊಡುವ ವೈದ್ಯರು, ಅವನಿಗೆ ತಿಳಿಸಿಯೇ, ನಿರ್ಧರಿಸಲಿ.

ವಿಷಯ ಗೊತ್ತಾದ ದಿನ ಏನು ಮಾಡಬೇಕು?

ಅವನು ಅಮಲಿನಲ್ಲಿರುವಾಗ ಮಾತು ಬೇಡ. ನಿಮ್ಮ ಸಿಟ್ಟು ಇಳಿಯುವವರೆಗೂ ಬೇಡ. ಮರುದಿನ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ಕಂಡದ್ದನ್ನಷ್ಟೇ ಹೇಳಿ: "ನಿನ್ನ ಬ್ಯಾಗಲ್ಲಿ ಇದು ಸಿಕ್ತಪ್ಪಾ. ನಂಗೆ ಹೆದರಿಕೆ ಆಗ್ತಿದೆ. ಏನಾಗ್ತಿದೆ ಹೇಳು, ಬೈಯಲ್ಲ." ಬೈಯುವುದಿಲ್ಲ ಎಂದ ಮೇಲೆ ಬೈಯಬಾರದು. ಮೊದಲ ಸಲ ಅವನು ಸುಳ್ಳು ಹೇಳಬಹುದು, ಎದ್ದುಹೋಗಬಹುದು; ಮಾತಿನ ಬಾಗಿಲನ್ನು ತೆರೆದೇ ಇಟ್ಟಿರಿ. ಹೊಡೆಯುವುದು, ದೇವರ ಮುಂದೆ ಆಣೆ ಮಾಡಿಸುವುದು, ನೆಂಟರನ್ನೆಲ್ಲ ಕರೆಸಿ ಪಂಚಾಯಿತಿ ಮಾಡುವುದು, ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದುಕೊಳ್ಳುವುದು ಇವು ಯಾವುವೂ ಕೆಲಸ ಮಾಡುವುದಿಲ್ಲ. ಮದುವೆಯ ಉಪಾಯವಂತೂ ಏನೂ ಅರಿಯದ ಇನ್ನೊಂದು ಜೀವವನ್ನು ಈ ಕಷ್ಟದೊಳಕ್ಕೆ ಎಳೆಯುತ್ತದೆ.

ಕೈಖರ್ಚಿನ ಹಣಕ್ಕೆ ಲೆಕ್ಕ ಕೇಳುವುದು, ಮನೆಗೆ ಬರುವ ಹೊತ್ತಿಗೆ ಮಿತಿ ಹಾಕುವುದು ಸರಿಯೇ. ಆದರೆ ಅವನ ಸಾಲವನ್ನು ಪದೇ ಪದೇ ತೀರಿಸುವುದು, ಕಾಲೇಜಿಗೆ ಸುಳ್ಳು ಕಾರಣ ಬರೆದುಕೊಡುವುದನ್ನು ನಿಲ್ಲಿಸಬೇಕು.

ಚಿಕಿತ್ಸೆ ಎಲ್ಲಿ ಸಿಗುತ್ತದೆ? ದುಬಾರಿಯೇ?

ಮನೆಯಿಂದ ಹೊರಡುವ ಮೊದಲು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ದಿನದ ಎಲ್ಲ ಹೊತ್ತಿನಲ್ಲೂ ಕನ್ನಡದಲ್ಲೇ ಮಾತನಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆಯಿದೆ. ಸರ್ಕಾರಿ ವ್ಯವಸ್ಥೆಯಲ್ಲಿ ಖರ್ಚು ಅತ್ಯಲ್ಪ.

ಹೆಚ್ಚಿನ ಹದಿಹರೆಯದವರಿಗೆ ಆಸ್ಪತ್ರೆಯಲ್ಲಿ ದಾಖಲಾಗುವ ಅಗತ್ಯವೇ ಇರುವುದಿಲ್ಲ. ಹೊರರೋಗಿಯಾಗಿ ಬಂದುಹೋಗುವ ಆಪ್ತ ಸಮಾಲೋಚನೆ, ಜೊತೆಗಿರುವ ಖಿನ್ನತೆ ಅಥವಾ ಆತಂಕಕ್ಕೆ ಚಿಕಿತ್ಸೆ, ಕುಟುಂಬದವರೊಂದಿಗೆ ಮಾತುಕತೆ ಇವೇ ಮುಖ್ಯ. ಮದ್ಯ ಮತ್ತು ನಿದ್ದೆಯ ಮಾತ್ರೆಗಳನ್ನು ದಿನವೂ ಬಳಸುತ್ತಿದ್ದವರು ವೈದ್ಯರಿಲ್ಲದೆ ಏಕಾಏಕಿ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಹೆರಾಯಿನ್, ಟಪೆಂಟಡಾಲ್ ವರ್ಗಕ್ಕೆ ಬ್ಯೂಪ್ರಿನಾರ್ಫಿನ್ ಎಂಬ ಔಷಧವನ್ನು ವೈದ್ಯರ ನಿಗಾದಲ್ಲಿ ಕೊಡುತ್ತಾರೆ. ಒಂದು ವ್ಯಸನ ಬಿಡಿಸಿ ಇನ್ನೊಂದನ್ನು ಹಚ್ಚಿದಂತಲ್ಲವೇ ಎಂದು ಮನೆಯವರು ಇದನ್ನು ನಿಲ್ಲಿಸಿಬಿಡುವುದುಂಟು. ಜೀವ ಉಳಿಸುವ ಚಿಕಿತ್ಸೆ ಇದು. ದಯವಿಟ್ಟು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಕೂಡಿಹಾಕಿ ಬಿಡಿಸುವ ಕೇಂದ್ರಕ್ಕೆ ಸೇರಿಸಬಹುದೇ?

ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗದ, ವೈದ್ಯರೇ ಇಲ್ಲದ, ರಾತ್ರೋರಾತ್ರಿ ವ್ಯಾನಿನಲ್ಲಿ ಬಂದು ಎತ್ತಿಕೊಂಡು ಹೋಗುವ ಕೇಂದ್ರಗಳಿಗೆ ಮಕ್ಕಳನ್ನು ಒಪ್ಪಿಸಬೇಡಿ. ಯಾವುದೇ ರೂಪದಲ್ಲಿ ಸರಪಳಿ ಹಾಕುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಅಪ್ರಾಪ್ತರನ್ನು ದಾಖಲಿಸಿದರೆ ವಯಸ್ಕರಿಂದ ಪ್ರತ್ಯೇಕವಾಗಿ ಇರಿಸಬೇಕೆಂದೂ ಹೇಳಿದೆ. ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಲು ಹೇಳಿ, ಮನೋವೈದ್ಯರು ಎಂದೆಂದು ಬರುತ್ತಾರೆ ಎಂದು ಕೇಳಿ, ಮಗನನ್ನು ಯಾವಾಗ ಬೇಕಾದರೂ ನೋಡಲು ಬಿಡುತ್ತಾರೆಯೇ ಎಂದು ಕೇಳಿ. ಮೂರರಲ್ಲಿ ಒಂದಕ್ಕೆ ಸರಿಯಾದ ಉತ್ತರ ಸಿಗದಿದ್ದರೂ ವಾಪಸ್ ಬನ್ನಿ.

ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಗೊತ್ತಾಗುತ್ತದೆಯೇ? ಕಾನೂನು ಏನು ಹೇಳುತ್ತದೆ?

ಚಿಕಿತ್ಸೆಗೆ ಬಂದವರ ಪಟ್ಟಿಯನ್ನು ವೈದ್ಯರು ಪೊಲೀಸರಿಗೆ ಕೊಡುವುದಿಲ್ಲ. ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸೇವನೆಯೂ ಅಪರಾಧವೇ. ವಸ್ತುವನ್ನು ಅನುಸರಿಸಿ ಆರು ತಿಂಗಳು ಅಥವಾ ಒಂದು ವರ್ಷದವರೆಗೆ ಶಿಕ್ಷೆಯಾಗಬಹುದು. ಆದರೆ ಅದೇ ಕಾಯ್ದೆಯ 64ಎ ಸೆಕ್ಷನ್, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಒಳಗಾದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ; ಚಿಕಿತ್ಸೆಯನ್ನು ಪೂರ್ತಿ ಮಾಡದಿದ್ದರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ಈ ಸೆಕ್ಷನ್ ಬಗ್ಗೆ ತಿಳಿದವರು ತೀರ ಕಡಿಮೆ.

ಗೆಳೆಯರಿಗೆ ಒಂದಿಷ್ಟು ತಂದುಕೊಟ್ಟೆ ಎನ್ನುವ ವಿದ್ಯಾರ್ಥಿಗಳು ಒಂದನ್ನು ಅರಿಯಬೇಕು. ತಂದು ಹಂಚಿದರೆ, ಲಾಭ ಪಡೆಯದಿದ್ದರೂ, ಅದು ಕಾನೂನಿನ ಕಣ್ಣಿನಲ್ಲಿ ಪೂರೈಕೆ. ಎಂಡಿಎಂಎ 10 ಗ್ರಾಂ ದಾಟಿದರೆ ಅದು ವಾಣಿಜ್ಯ ಪ್ರಮಾಣ, ಕನಿಷ್ಠ ಶಿಕ್ಷೆಯೇ ಹತ್ತು ವರ್ಷ. ಮಗುವಿಗೆ ಮದ್ಯ, ತಂಬಾಕು ಅಥವಾ ಮಾದಕ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಏಳು ವರ್ಷಗಳವರೆಗೆ ಕಠಿಣ ಶಿಕ್ಷೆ ವಿಧಿಸುತ್ತದೆ. ಮಾರಾಟದ ಬಗ್ಗೆ ಮಾಹಿತಿ ಕೊಡಲು 1933ಕ್ಕೆ ಕರೆ ಮಾಡಬಹುದು.

ಸಿಕ್ಕಿಬಿದ್ದ ವಿದ್ಯಾರ್ಥಿಯನ್ನು ಕಾಲೇಜಿನಿಂದ ಹೊರಹಾಕುವುದು ಸರಿಯೇ?

ಮಾರುವವನ ವಿಷಯ ಬೇರೆ, ಅದು ಪೊಲೀಸರ ಕೆಲಸ. ಬಳಸುವವನನ್ನು ಹೊರಹಾಕಿದರೆ ಅವನ ದಿನಕ್ಕಿದ್ದ ಒಂದೇ ಕಟ್ಟುಪಾಡು ತಪ್ಪುತ್ತದೆ, ಉಳಿಯುವುದು ಬಳಸುವ ಗೆಳೆಯರು ಮಾತ್ರ. ಅವನ ಗತಿ ನೋಡಿದ ಉಳಿದ ವಿದ್ಯಾರ್ಥಿಗಳು ಮುಂದೆ ಯಾವ ಅಧ್ಯಾಪಕರ ಬಳಿಯೂ ಬಾಯಿ ಬಿಡುವುದಿಲ್ಲ. ಚಿಕಿತ್ಸೆಯ ಷರತ್ತಿನ ಮೇಲೆ ಉಳಿಸಿಕೊಳ್ಳುವ ಸಂಸ್ಥೆಗಳು ಸರಿಯಾದ ಕೆಲಸ ಮಾಡುತ್ತಿವೆ.

ಗೆಳೆಯ ಪ್ರಜ್ಞೆ ತಪ್ಪಿ ಬಿದ್ದರೆ ಏನು ಮಾಡಬೇಕು?

108ಕ್ಕೆ ಕರೆ ಮಾಡಿ, ಏನು ಬಳಸಿದ್ದಾನೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ವಾಂತಿ ಗಂಟಲಿಗೆ ಸಿಕ್ಕದಂತೆ ನೋಡಿಕೊಳ್ಳಿ. ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಅಫೀಮು ವರ್ಗದ ವಸ್ತು ಮಿತಿಮೀರಿದೆ ಎಂದರ್ಥ; ಆಸ್ಪತ್ರೆಯಲ್ಲಿ ನಲಾಕ್ಸೋನ್ ಎಂಬ ಚುಚ್ಚುಮದ್ದು ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲದು. ಬಾಯಿಗೆ ಮಜ್ಜಿಗೆ, ನಿಂಬೆರಸ ಹಾಕಬೇಡಿ. ಮಲಗಿ ಎದ್ದರೆ ಸರಿಹೋಗುತ್ತದೆ ಎಂದು ಕೋಣೆಯಲ್ಲಿ ಒಬ್ಬನನ್ನೇ ಬಿಟ್ಟು ಹೋಗಬೇಡಿ.

ಚಿಕಿತ್ಸೆ ಮುಗಿದ ಮೇಲೂ ಮತ್ತೆ ಬಳಸಿದರೆ?

ಮರುಕಳಿಸುವುದು ಈ ಕಾಯಿಲೆಯ ಸ್ವಭಾವ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಲ್ಲೂ ಹತೋಟಿ ತಪ್ಪುವುದುಂಟು; ಆಗ ರೋಗಿಯನ್ನು ಯಾರೂ ಮನೆಯಿಂದ ಹೊರಹಾಕುವುದಿಲ್ಲ. ಅದೇ ವಾರ ವೈದ್ಯರ ಬಳಿ ಕರೆದುಕೊಂಡು ಹೋಗಿ. ಯಾವ ಜಾಗ, ಯಾವ ಗೆಳೆಯ, ಯಾವ ಜಗಳ ಮತ್ತೆ ಬಳಸುವಂತೆ ಮಾಡಿತು ಎಂದು ಗುರುತಿಸಿದರೆ ಮುಂದಿನ ಬಾರಿಗೆ ಸಿದ್ಧತೆ ಮಾಡಿಕೊಳ್ಳಬಹುದು. ಹೆರಾಯಿನ್ ಅಥವಾ ಟಪೆಂಟಡಾಲ್ ಬಳಸುತ್ತಿದ್ದವರು ಇನ್ನೊಂದನ್ನು ನೆನಪಿಡಬೇಕು. ಕೆಲವು ವಾರ ಬಿಟ್ಟ ಮೇಲೆ ದೇಹಕ್ಕೆ ಮೊದಲಿದ್ದ ತಾಳಿಕೆ ಉಳಿದಿರುವುದಿಲ್ಲ. ಹಿಂದೆ ದಿನವೂ ತೆಗೆದುಕೊಳ್ಳುತ್ತಿದ್ದ ಅದೇ ಪ್ರಮಾಣ ಈಗ ಉಸಿರನ್ನು ನಿಲ್ಲಿಸಬಲ್ಲದು. ಆಸ್ಪತ್ರೆಯಿಂದ, ಕೇಂದ್ರದಿಂದ ಅಥವಾ ಜೈಲಿನಿಂದ ಹೊರಬಂದ ಮೊದಲ ವಾರಗಳಲ್ಲೇ ಇಂಥ ಸಾವುಗಳು ಹೆಚ್ಚು. ಆದ್ದರಿಂದ ಬಿಡುಗಡೆಯಾಗುವ ದಿನವೇ ಮುಂದಿನ ಭೇಟಿಯ ದಿನಾಂಕವನ್ನು ಗೊತ್ತುಮಾಡಿಕೊಂಡು ಬರಬೇಕು, ಆ ವಾರಗಳಲ್ಲಿ ಮನೆಯಲ್ಲಿ ಯಾರಾದರೊಬ್ಬರು ಅವನ ಜೊತೆಗಿರಬೇಕು.